ಗಟ್ಟಿ ಇದ್ದ ಫೋನಿಗೆ ಮುಪ್ಪು ಬಂತಂತ!

ಮೊನ್ನೆ ನಮ್ಮ ಅತ್ತಿಯವರ ಫೋನಿನ್ಯಾಗ ಬ್ಯಾಂಕಿನ ಆ್ಯಪ್ ತೆರೀಲೇ ಇಲ್ರೀ. ‘ಈ ಫೋನಿನ್ಯಾಗ ಇನ್ನ ನಡಿಯೂದಿಲ್ಲ’ ಅಂತ ಬಂತು. ಗಾಜು ಒಡದಿಲ್ಲ, ಬ್ಯಾಟರಿ ಛಲೋ ಅದ. ಆದ್ರ ಒಳಗಿನ ಸಾಫ್ಟ್‌ವೇರ್ ಹಳೇದಾತಂತ, ಕಂಪನಿಯವರು ಅಪ್‌ಡೇಟ್ ಕಳಸೂದು ಬಿಟ್ಟಾರಂತ.

‘ನನ್ನ ಹೊಲಿಗಿ ಮಷೀನಿಗೆ 40 ವರ್ಷ ಆತು. ಎರಡು ಹನಿ ಎಣ್ಣಿ ಬಿಟ್ರ ಇನ್ನೂ ಓಡ್ತದ. ಇದಕ್ಕೇನು ಧಾಡಿ?’ ಅಂದ್ರು ಅತ್ತಿಯವರು. ಪೆನ್ಶನ್ ಬಂತೋ ಇಲ್ಲೋ ತಾವೇ ನೋಡ್ಕೋತಿದ್ರು. ಈಗ ಮೊಮ್ಮಗನ ಮುಂದ ಕೈ ಕಟ್ಟಿ ನಿಂದರಬೇಕು. ಅದ ಅವರಿಗೆ ಭಾಳ ಸಂಕಟ.

ಹಳೇ ಸಾಫ್ಟ್‌ವೇರಿನ್ಯಾಗ ಕಳ್ಳರು ನುಗ್ಗತಾರ, ಅದಕ್ಕ ಬ್ಯಾಂಕಿನವರು ಬ್ಯಾಡ ಅಂತಾರ. ಒಪ್ಪಿದೆ. ಆದ್ರ ಆ ಕಿಂಡಿ ಮುಚ್ಚೂದು ಫೋನ್ ಮಾರಿದವರ ಕೆಲಸ ಅಲ್ಲೇನು? ಗೂಗಲ್‌ದವರು 2023ರಾಗ ಪಿಕ್ಸೆಲ್ 8ಕ್ಕ, ಸ್ಯಾಮ್ಸಂಗ್‌ದವರು 2024ರಾಗ ಗ್ಯಾಲಕ್ಸಿ ಎಸ್24ಕ್ಕ 7 ವರ್ಷ ಅಪ್‌ಡೇಟ್ ಕೊಡ್ತೀವಿ ಅಂದ್ರು. ಅಂದ್ರ ಕೊಡ್ಲಿಕ್ಕೆ ಬರ್ತದ, ಮನಸ್ಸು ಬೇಕಷ್ಟ. ಅವೆಲ್ಲಾ ತುಟ್ಟಿ ಫೋನು. ನಾವು ಕೊಳ್ಳೂ ಹತ್ತು ಸಾವಿರದ ಫೋನಿಗೆ ಅಷ್ಟು ಆಯುಷ್ಯ ಸಿಗೂದು ಅಪರೂಪ. ರೊಕ್ಕ ಕಮ್ಮಿ ಇದ್ದವರ ಲಗೂ ಲಗೂ ಹೊಸಾದು ಕೊಳ್ಳಬೇಕು, ಇದ್ಯಾವ ನ್ಯಾಯ?

ಅದಕ್ಕ ಮುಂದಿನ ಸಲ ಅಂಗಡ್ಯಾಗ ಕ್ಯಾಮೆರಾ ಹೆಂಗದ ಅಂತ ಕೇಳೂಕಿಂತ ಮೊದಲ, ‘ಅಪ್‌ಡೇಟ್ ಯಾವ ವರ್ಷದ ತನಕಾ?’ ಅಂತ ಕೇಳ್ರಿ. ಸೀರಿ ಬಣ್ಣ ಹೋಗ್ತದೇನು ಅಂತ ಹತ್ತು ಸಲ ಕೇಳವ್ರು ನಾವು. ಇದನ್ನ ಒಮ್ಮೆ ಕೇಳಿದ್ರ ಏನು ಗಂಟು ಹೋಗ್ತದ? ಏನಂತೀರಿ?