ಒಂದೇ ಕಾರಿನವರಿಗೂ ಒಂದು ಜಾಗ ಇರಲಿ

ನಮ್ಮಪ್ಪ ಲಾರಿಗಳಿಗೆ ಮರದ ಬಾಡಿ ಕಟ್ಟುತ್ತಿದ್ದರು. ಚಾಸಿಯ ಮೇಲೆ ಮತ್ತಿ ಮರದ ತೊಲೆ ಕೂರಿಸಿ ಬೋಲ್ಟ್ ಬಿಗಿಯುವಾಗ, ‘ರಸ್ತೆ ಕೆಟ್ಟಷ್ಟೂ ಮರವೇ ಬೇಕು ಕಣೋ, ಬಳುಕಿ ಏಟು ತಡ್ಕೊಳ್ಳುತ್ತೆ’ ಎನ್ನುತ್ತಿದ್ದರು. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ಮಾರ್ಗನ್ ಕಂಪನಿಯವರು ಆಶ್ ಮರದ ಚೌಕಟ್ಟಿಗೆ ತಗಡು ಹೊದಿಸಿ ಸ್ಪೋರ್ಟ್ಸ್ ಕಾರು ಕಟ್ಟುತ್ತಾರೆಂದು ಓದಿದ ದಿನ ಅಪ್ಪನ ಆ ಮಾತೇ ಕಿವಿಗೆ ಬಿತ್ತು. ಅಂದಿನಿಂದ ಆ ಕಾರು ನನಗೆ ನೆಂಟನಂತೆ.

ಮಾರ್ಗನ್ ಕಾರುಗಳಲ್ಲೂ ಒಂದರ ಮೇಲೆ ಹೆಚ್ಚು ಪ್ರೀತಿ. ಪ್ಲಸ್ 4, ನಂಬರ್ ಟಿಒಕೆ 258. ಇಂಜಿನ್ ಟ್ಯೂನಿಂಗ್‌ನಲ್ಲಿ ಪಳಗಿದ ಕ್ರಿಸ್ ಲಾರೆನ್ಸ್ 1961ರಲ್ಲಿ ಅದನ್ನು ಫ್ರಾನ್ಸಿನ ಲೆ ಮಾನ್ 24 ಗಂಟೆಗಳ ರೇಸಿಗೆ ಇಳಿಸಲು ಹೊರಟಾಗ ಸಂಘಟಕರು ಒಪ್ಪಲಿಲ್ಲ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಗಾಡಿಯಂತೆ ಕಂಡಿದ್ದೇ ಅದರ ತಪ್ಪು ಎಂದು ಮಾರ್ಗನ್ ಅಭಿಮಾನಿಗಳು ಇಂದಿಗೂ ಹೇಳುತ್ತಾರೆ. ಮರುವರ್ಷ ಲಾರೆನ್ಸ್, ರಿಚರ್ಡ್ ಶೆಫರ್ಡ್-ಬ್ಯಾರನ್ ಜೊತೆ ಅದೇ ಕಾರಿನಲ್ಲಿ ಮತ್ತೆ ಬಂದರು. ಟ್ರೇಲರ್ ಇಲ್ಲ, ರಸ್ತೆಯಲ್ಲೇ ಓಡಿಸಿಕೊಂಡು ಬಂದರು.

ಲೆ ಮಾನ್‌ನ ಒಂದು ಸುತ್ತು 13 ಕಿ.ಮೀ.ಗೂ ಉದ್ದ. ಮುಲ್ಸಾನ್ ನೇರದಾರಿಯಲ್ಲಿ ಆಗ ಸುಮಾರು 6 ಕಿ.ಮೀ. ಆಕ್ಸಿಲರೇಟರ್ ಪೂರ್ತಿ ಒತ್ತಿಯೇ ಇರಬೇಕಿತ್ತು. ಅದರ ಕೊನೆಗೆ ಬಂದೊಡನೆ ಬ್ರೇಕಿನ ಮೇಲೆ ನಿಂತಂತೆ ನಿಲ್ಲಬೇಕಿತ್ತು. ರಾತ್ರಿಯಿಡೀ ಇದೇ. ವಾಲ್ವ್, ಬೇರಿಂಗ್, ಕ್ಲಚ್ ಯಾವುದು ಯಾವಾಗ ಕೈಕೊಡುತ್ತದೋ ಎಂಬ ಆತಂಕ ವರ್ಕ್‌ಶಾಪಿನಲ್ಲಿ ಕೈ ಮಸಿ ಮಾಡಿಕೊಂಡವರಿಗೆ ಗೊತ್ತು. ಮಾರ್ಗನ್‌ಗೆ ಕೂರಿಸಿದ್ದ ಟ್ರಯಂಫ್‌ನ ನಾಲ್ಕು ಸಿಲಿಂಡರ್ ಇಂಜಿನ್ ಗಂಟೆಗೆ ಸರಾಸರಿ 150 ಕಿ.ಮೀ.ಯಂತೆ 3600 ಕಿ.ಮೀ.ಗೂ ಹೆಚ್ಚು ಓಡಿತು. ರೇಸ್ ಗೆದ್ದದ್ದು ಫಿಲ್ ಹಿಲ್, ಒಲಿವಿಯೆ ಜಾಂಡೆಬಿಯಾನ್ ಓಡಿಸಿದ ಫೆರಾರಿ. ಮಾರ್ಗನ್‌ಗೆ 13ನೇ ಸ್ಥಾನ, 2 ಲೀಟರ್ ವರ್ಗದಲ್ಲಿ ಮೊದಲನೆಯದು. ಆಮೇಲೆ ಅದೇ ಕಾರಿನಲ್ಲಿ ಊರಿಗೆ ಹೊರಟರು. ಇದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಈಗ ಲೆ ಮಾನ್ ರೇಸೂ ಸೇರಿರುವ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್‌ನಲ್ಲಿ, ಅಗ್ರ ವರ್ಗವಾದ ಹೈಪರ್‌ಕಾರ್‌ಗೆ ಬರುವ ತಯಾರಕರು 2025ರಿಂದ ಕನಿಷ್ಠ ಎರಡು ಕಾರು ಇಳಿಸಲೇಬೇಕು. ಆಸ್ಟನ್ ಮಾರ್ಟಿನ್ ಎರಡು ವಾಲ್ಕಿರಿ ಕಾರುಗಳನ್ನು ಇಳಿಸಿತು, ಸಂತೋಷ. ಆದರೆ ಒಂದು ಕಾರು ಕಟ್ಟುವಷ್ಟರಲ್ಲೇ ಕೈ ಖಾಲಿಯಾಗುವ ಸಣ್ಣ ತಯಾರಕರು ಏನು ಮಾಡಬೇಕು? ದೊಡ್ಡ ಕಂಪನಿಗಳು ಸಾಲುಗಟ್ಟಿವೆ, ಪಿಟ್‌ನಲ್ಲಿ ಜಾಗ ಕಡಿಮೆ, ನಿಜ. ಹಾಗಿದ್ದೂ ಹೊಸ ಬಗೆಯ ಕಾರಿಗೆಂದು ‘ಗ್ಯಾರೇಜ್ 56’ ಎಂಬ ಜಾಗವನ್ನು 2012ರಲ್ಲಿ ತೆರೆದವರು ಇದೇ ಲೆ ಮಾನ್ ಸಂಘಟಕರು. ಅಲ್ಲಿ ಓಡಿದ ಕಾರಿಗೆ ಸ್ಪರ್ಧೆಯ ಸ್ಥಾನ ಸಿಗುವುದಿಲ್ಲ ಎಂಬುದೇ ನನ್ನ ತಕರಾರು. 1962ರಲ್ಲಿ ಮಾರ್ಗನ್ ಅತಿಥಿಯಾಗಿ ಓಡಲಿಲ್ಲ, ಸ್ಪರ್ಧಿಯಾಗಿ ಓಡಿತು.

ಲೆ ಮಾನ್‌ನಲ್ಲಿ ಪ್ರತಿವರ್ಷ ಒಂದು ಜಾಗವನ್ನು ಒಂದೇ ಕಾರು ತರುವ ಸಣ್ಣ ತಯಾರಕರಿಗೆ ಮೀಸಲಿಡಲಿ, ಅವರ ಸುತ್ತುಗಳನ್ನೂ ಲೆಕ್ಕಕ್ಕೆ ಹಿಡಿಯಲಿ. ಒಳಗೆ ಬಿಡುವ ಮುನ್ನ ಬ್ರೇಕು, ಆಕ್ಸಲ್, ಪೆಟ್ರೋಲ್ ಟ್ಯಾಂಕು, ಸೀಟ್ ಬೆಲ್ಟುಗಳನ್ನು ಎಷ್ಟು ಬೇಕಾದರೂ ಕಟ್ಟುನಿಟ್ಟಾಗಿ ನೋಡಲಿ.