ಗಿಳಿಪಾಠಕ್ಕೂ ಒಂದು ರೀತಿ ಇದೆ

ಬಾಯಿಪಾಠ ಅಂದ ತಕ್ಷಣ ನಮ್ಮಲ್ಲಿ ಎರಡು ಪಕ್ಷ ಆಗಿಬಿಡುತ್ತದೆ. "ನಮ್ಮ ಕಾಲದಲ್ಲಿ ಇಪ್ಪತ್ತರ ಮಗ್ಗಿ ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳ್ತಿದ್ವಿ" ಅಂತ ಒಂದು ಪಕ್ಷ ಮೀಸೆ ತಿರುವುತ್ತದೆ. "ಉರು ಹೊಡೆಸಿಯೇ ಮಕ್ಕಳ ತಲೆ ಕೆಡಿಸಿದ್ದು" ಅಂತ ಇನ್ನೊಂದು ಪಕ್ಷ ಮೂಗು ಮುರಿಯುತ್ತದೆ. ಈ ಜಗಳ ನಮಗೆ ಮಾತ್ರ ಸೇರಿದ್ದಲ್ಲ ಮಾರಾಯ್ರೇ! ಅಮೆರಿಕದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಕ್ರೈಸ್ತ ಕುಟುಂಬಗಳಲ್ಲೂ ಇದೇ ವಾದ ಬಹಳ ವರ್ಷದಿಂದ ನಡೆದಿದೆ. ಅದರ ಬಗ್ಗೆ ನನಗನ್ನಿಸಿದ್ದನ್ನು ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. 1993ರ ಹೊತ್ತಿಗೆ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಹೋಮ್‌ಸ್ಕೂಲಿಂಗ್ ಕಾನೂನುಬದ್ಧವಾಗಿತ್ತು. ಕೋವಿಡ್ ಬಂದ 2020ರಲ್ಲಿ ಅಲ್ಲಿನ ಜನಗಣತಿ ಇಲಾಖೆಯ ಸಮೀಕ್ಷೆ ಪ್ರಕಾರ, ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ ಹೀಗೆ ಓದಿಸುವವರ ಪ್ರಮಾಣ ಕೆಲವೇ ತಿಂಗಳಲ್ಲಿ ಶೇ. 5.4ರಿಂದ ಶೇ. 11.1ಕ್ಕೆ ಏರಿತು. ಇವರಲ್ಲಿ ಒಂದು ದೊಡ್ಡ ಗುಂಪು 'ಕ್ಲಾಸಿಕಲ್' ಪದ್ಧತಿಯವರದು. ಲ್ಯಾಟಿನ್, ತರ್ಕ, ಭಾಷಣಕಲೆ, ಜೊತೆಗೆ ಬೈಬಲ್. 1997ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಲೀ ಬಾರ್ಟಿನ್ಸ್ ಎಂಬಾಕೆ ಶುರು ಮಾಡಿದ 'ಕ್ಲಾಸಿಕಲ್ ಕಾನ್ವರ್ಸೇಷನ್ಸ್' ಈ ದಾರಿಯಲ್ಲಿ ಹೆಸರುವಾಸಿ. ವಾರಕ್ಕೊಂದು ದಿನ ಹತ್ತಾರು ಕುಟುಂಬ ಒಟ್ಟಿಗೆ ಸೇರುತ್ತವೆ, ಉಳಿದ ದಿನ ಮನೆಯಲ್ಲಿ ಅಪ್ಪ ಅಮ್ಮನೇ ಮೇಷ್ಟ್ರು.

ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇಲ್ಲಿ ಮುಖ್ಯ ಕೆಲಸ ಅಂದರೆ ಬಾಯಿಪಾಠ. ಚರಿತ್ರೆ, ವಿಜ್ಞಾನ, ಇಂಗ್ಲಿಷ್ ವ್ಯಾಕರಣ, ಲ್ಯಾಟಿನ್, ಗಣಿತ, ಭೂಗೋಳ, ಇವುಗಳ ಜೊತೆಗೆ ಚರಿತ್ರೆಯ ಘಟನೆಗಳ ಒಂದು ಉದ್ದನೆಯ ಸಾಲು. ಒಟ್ಟು ಏಳು ವಿಷಯ. ಪ್ರತಿ ವಾರ ಪ್ರತಿ ವಿಷಯದಲ್ಲೂ ಹೊಸದೊಂದು ತುಣುಕು, ವರ್ಷಕ್ಕೆ 24 ವಾರ. ಲೆಕ್ಕ ಹಾಕಿ ನೋಡಿ, ನೂರೈವತ್ತು ದಾಟುತ್ತದೆ. ಎಲ್ಲಕ್ಕೂ ಹಾಡು, ಚಪ್ಪಾಳೆ, ಕೈಸನ್ನೆ. ವರ್ಷದ ಕೊನೆಗೆ ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸಿದ ಮಗುವಿಗೆ 'ಮೆಮೊರಿ ಮಾಸ್ಟರ್' ಅನ್ನುವ ಬಿರುದು.

ಕೇಳಿದರೆ ನಮ್ಮ ಐಗಳ ಮಠ ನೆನಪಾಗುತ್ತದೆ ಅಲ್ವಾ?

ಇದೆಲ್ಲದರ ಬೇರು ಇರುವುದು ಇಂಗ್ಲೆಂಡಿನಲ್ಲಿ. ಪತ್ತೇದಾರಿ ಕಾದಂಬರಿಗಳಿಂದ ಹೆಸರಾದ ಡೊರೊಥಿ ಸೇಯರ್ಸ್ 1947ರಲ್ಲಿ ಆಕ್ಸ್‌ಫರ್ಡಿನಲ್ಲಿ 'ದಿ ಲಾಸ್ಟ್ ಟೂಲ್ಸ್ ಆಫ್ ಲರ್ನಿಂಗ್' ಅಂತ ಒಂದು ಭಾಷಣ ಮಾಡಿದರು. ಮಧ್ಯಯುಗದ ಯುರೋಪಿನಲ್ಲಿ ವ್ಯಾಕರಣ, ತರ್ಕ, ವಾಗ್ಮಿತೆ ಎಂಬ ಮೂರು ವಿದ್ಯೆಗಳಿದ್ದವಲ್ಲ, ಅವನ್ನು ಮಗುವಿನ ಬೆಳವಣಿಗೆಯ ಮೂರು ಘಟ್ಟಗಳಿಗೆ ಜೋಡಿಸಿದ್ದು ಅವರೇ. ಮೊದಲನೆಯದಕ್ಕೆ ಅವರು ಕೊಟ್ಟ ಹೆಸರು ಗಿಳಿಯ ಘಟ್ಟ! ಈ ವಯಸ್ಸಿನಲ್ಲಿ ಉರು ಹೊಡೆಯುವುದು ಸುಲಭ, ಖುಷಿಯೂ ಹೌದು, ತರ್ಕ ಆಮೇಲೆ ಬರುತ್ತದೆ ಅನ್ನುವುದು ಅವರ ವಾದ. ಆ ಭಾಷಣವನ್ನು ಅಮೆರಿಕದ ಕ್ರೈಸ್ತ ಶಿಕ್ಷಣದವರಿಗೆ ಮತ್ತೆ ನೆನಪಿಸಿದ್ದು 1991ರಲ್ಲಿ ಬಂದ ಡಗ್ಲಸ್ ವಿಲ್ಸನ್ ಅವರ ಪುಸ್ತಕ.

ಇಲ್ಲೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಸೇಯರ್ಸ್ ಹೇಳಿದ ಗಿಳಿ ಸುಮಾರು ಒಂಬತ್ತರಿಂದ ಹನ್ನೊಂದು ವರ್ಷದ್ದು. ಅಷ್ಟರಲ್ಲಿ ಓದು, ಬರಹ, ಲೆಕ್ಕ ಬಂದಿರುತ್ತದೆ ಅಂತಲೇ ಅವರು ಹಿಡಿದಿದ್ದರು. ಈಗ ನಾಲ್ಕು ವರ್ಷದ ಕೂಸಿಗೂ ಅದೇ ಗಿಳಿಯ ಹೆಸರು ಹೇಳಿ ಲ್ಯಾಟಿನ್ ಹಾಡಿಸುತ್ತಾರೆ. ಹಾಡಲಿ, ಬೇಡ ಅಂದವರಾರು? ಆದರೆ ಆ ಕೂಸು ಹಾಡು ಮರೆತರೆ ತಾಯಿ ಕಂಗಾಲಾಗುವುದಕ್ಕೆ ಸೇಯರ್ಸ್ ಭಾಷಣದಲ್ಲಿ ಆಧಾರ ಇಲ್ಲ.

ನನ್ನ ಪಕ್ಷ ಯಾವುದು ಅಂತ ಕೇಳಿದರೆ, ನಾನು ಬಾಯಿಪಾಠದ ಕಡೆಯವನೇ. ತಲೆಯಲ್ಲಿ ಏನೂ ಇಲ್ಲದಿದ್ದರೆ ಯೋಚನೆ ಮಾಡುವುದಕ್ಕೆ ಸಾಮಾನು ಎಲ್ಲಿಂದ ಬರಬೇಕು? ಏಳೆಂಟಲ ಐವತ್ತಾರು ಅಂತ ಬಾಯಿಗೆ ಬರದ ಮಗು ಭಿನ್ನರಾಶಿ ಮಾಡುವಾಗ ಒದ್ದಾಡುತ್ತದೆ. ನನ್ನ ತಕರಾರು ಇರುವುದು ಕಲಿಸುವ ರೀತಿಯ ಬಗ್ಗೆ.

ಮೊದಲ ತಕರಾರು ಹಾಡಿನದು. ಹಾಡು ಬೇಗ ಹತ್ತುತ್ತದೆ, ನಿಜ. ಆದರೆ ಹಾಡಿನಲ್ಲಿ ಕಲಿತದ್ದು ಸರಪಳಿ ಇದ್ದಂತೆ, ತುದಿಯಿಂದಲೇ ಎಳೆಯಬೇಕು. ಇಂಥ ಒಂದು ಮನೆಯ ಹುಡುಗ ಚರಿತ್ರೆಯ ಸಾಲನ್ನು ಒಂದೇ ಉಸಿರಿಗೆ ಹಾಡುವುದನ್ನು ಕೇಳಿದ್ದೇನೆ, ಬೆರಗಾಗುವಂತಿತ್ತು. ಮಧ್ಯದ ಒಂದು ಘಟನೆ ಹೇಳಿ "ಇದಾದ ಮೇಲೆ ಯಾವುದಪ್ಪಾ?" ಅಂದರೆ ಪಾಪ, ಮತ್ತೆ ಮೊದಲಿನಿಂದ ಹಾಡಿಕೊಂಡು ಬರಬೇಕಾಯಿತು. ಅವನಿಗೆ ಗೊತ್ತಿದ್ದದ್ದು ಹಾಡು.

ಇದಕ್ಕೆ ಮದ್ದು ನಮ್ಮವರಿಗೆ ಹಳೆಯದು. ವೇದ ಕಲಿಸುವವರು ಸಂಹಿತೆಯನ್ನು ಬಾಯಿಗೆ ತಂದು ಅಷ್ಟಕ್ಕೇ ಬಿಡಲಿಲ್ಲ. ಪದಪಾಠ, ಕ್ರಮಪಾಠ, ಜಟೆ, ಘನ ಅಂತ ಬೇರೆ ಬೇರೆ ಕ್ರಮ ಇಟ್ಟರು. ಜಟೆಯಲ್ಲಿ ಒಂದನೇ ಪದ ಎರಡನೇ ಪದ, ತಿರುಗಿ ಎರಡು ಒಂದು, ಮತ್ತೆ ಒಂದು ಎರಡು. ಕಲಿಯುವವನು ಬರೀ ಧಾಟಿಯ ಮೇಲೆ ತೇಲಿಕೊಂಡು ಹೋಗುವಂತಿಲ್ಲ. ಅವರ ಧರ್ಮ ಬೇರೆ, ಪಠ್ಯ ಬೇರೆ. ಆದರೆ ನೆನಪು ಕೆಲಸ ಮಾಡುವ ರೀತಿ ಎಲ್ಲ ಮಕ್ಕಳಿಗೂ ಒಂದೇ. ಹಾಡು ಬಂದ ಮೇಲೆ ಅದನ್ನು ಒಡೆಯಬೇಕು. ಮಧ್ಯದಿಂದ ಕೇಳಬೇಕು, ಹಿಂದುಮುಂದು ಕೇಳಬೇಕು, ರಾಗ ತೆಗೆದು ಕೇಳಬೇಕು.

ಎರಡನೆಯದು, ಕೇಳಿಸುವುದಕ್ಕೂ ಕೇಳುವುದಕ್ಕೂ ಇರುವ ವ್ಯತ್ಯಾಸ. ಕಾರಿನಲ್ಲಿ ಹೋಗುವಾಗ ಸಿ.ಡಿ. ಹಾಕಿದರೆ, ಈಗ ಫೋನಿನಲ್ಲಿ ಹಾಕಿದರೆ, ಪಾಠ ಆಯಿತು ಅಂದುಕೊಳ್ಳುವ ತಾಯಂದಿರು ಬಹಳ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲಿನ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲದ ಓದಿನ ನಂತರ ಮೂರು ಸಲ ಪುಸ್ತಕ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಓದಿದವರದೇ ಮೇಲುಗೈ, ಶೇ. 83ಕ್ಕೆ ಎದುರಾಗಿ ಶೇ. 71. ಒಂದು ವಾರ ಕಳೆಯಿತು ನೋಡಿ, ಲೆಕ್ಕ ತಿರುಗಿಬಿತ್ತು! ಓದಿದವರಿಗೆ ಉಳಿದದ್ದು ಶೇ. 40, ನೆನಪಿಸಿಕೊಂಡವರಿಗೆ ಶೇ. 61. ಅಂದರೆ ಹತ್ತು ಸಲ ಕೇಳಿಸುವುದಕ್ಕಿಂತ ಮೂರು ಸಲ "ಎಲ್ಲಿ, ನೀನೇ ಹೇಳು ನೋಡೋಣ" ಅನ್ನುವುದು ಮೇಲು. ಮಗು ತಡವರಿಸುತ್ತದೆ, ತಡವರಿಸಲಿ. ಆ ತಡವರಿಸುವಿಕೆಯಲ್ಲೇ ಕಲಿಕೆ ಇದೆ. ತಕ್ಷಣ ಬಾಯಿ ಹಾಕಿ ಹೇಳಿಕೊಡಬೇಡಿ.

ಮೂರನೆಯದು ಅಂತರ. ಮರೆವಿನ ವೇಗವನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ಪ್ರಕಟಿಸಿದ್ದ. ಕಲಿತದ್ದರಲ್ಲಿ ಬಹುಪಾಲು ಮೊದಲ ದಿನವೇ ಜಾರುತ್ತದೆ, ಆಮೇಲೆ ಜಾರುವುದು ನಿಧಾನ ಆಗುತ್ತದೆ. ಆದ್ದರಿಂದ ಭಾನುವಾರ ಸಂಜೆ ಎರಡು ಗಂಟೆ ಕೂರಿಸುವ ಬದಲು ದಿನಾ ಹತ್ತು ನಿಮಿಷ ಸಾಕು. ಬೈಬಲ್ ವಚನ ಕಲಿಸುವ ಮನೆಗಳಲ್ಲಿ ಇದಕ್ಕೊಂದು ಚೆಂದದ ಉಪಾಯ ಇದೆ. ಒಂದು ಡಬ್ಬಿ, ಒಳಗೆ ಕಾರ್ಡುಗಳು, ಮಧ್ಯೆ ಅಡ್ಡಪಟ್ಟಿಗಳು. 'ದಿನಾ' ಅಂತ ಒಂದು, ಸಮ ದಿನ ಬೆಸ ದಿನ ಅಂತ ಎರಡು, ವಾರದ ಏಳು, ತಿಂಗಳ ತಾರೀಖಿನ ಮೂವತ್ತೊಂದು. ಹೊಸ ವಚನ 'ದಿನಾ'ದಲ್ಲಿ ಇರುತ್ತದೆ. ಬಾಯಿಗೆ ಬಂದ ಮೇಲೆ ದಿನ ಬಿಟ್ಟು ದಿನಕ್ಕೆ, ಆಮೇಲೆ ವಾರಕ್ಕೆ, ಕೊನೆಗೆ ತಿಂಗಳಿಗೊಮ್ಮೆಗೆ ಸರಿಯುತ್ತದೆ. ದಿನಕ್ಕೆ ತೆರೆಯಬೇಕಾದ್ದು ನಾಲ್ಕೇ ಭಾಗ. ಶೂ ಡಬ್ಬಿಯಲ್ಲೂ ಮಾಡಬಹುದು, ಕಾಸು ಖರ್ಚಿಲ್ಲ. ನಮ್ಮ ಮಕ್ಕಳಿಗೆ ವಚನ, ಕಗ್ಗ, ಶ್ಲೋಕ ಕಲಿಸುವವರೂ ಧಾರಾಳವಾಗಿ ಬಳಸಿಕೊಳ್ಳಿ.

ನಾಲ್ಕನೆಯದು ಅರ್ಥ. ಲ್ಯಾಟಿನ್ ನಾಮಪದಗಳಿಗೂ ನಮ್ಮ ಹಾಗೆ ವಿಭಕ್ತಿ ಇದೆ. ಈ ಮಕ್ಕಳು ಆ ಪ್ರತ್ಯಯಗಳನ್ನು ಮಾತ್ರ ಹಾಡುತ್ತಾರೆ. ನಮ್ಮ ಮಕ್ಕಳು ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಅಂತ ಒಪ್ಪಿಸುವುದಿಲ್ಲವೇ, ಹಾಗೆ. ಆದರೆ ನಮ್ಮ ಮಗು ಮನೆಗೆ ಬಂದು "ಅಮ್ಮನಿಗೆ ಹೇಳ್ತೀನಿ" ಅನ್ನುತ್ತದೆ, 'ಗೆ' ಅಲ್ಲಿ ತಾನಾಗಿ ಜೀವ ಪಡೆಯುತ್ತದೆ. ಲ್ಯಾಟಿನ್ ಮಾತಾಡುವ ಅಮ್ಮ ಎಲ್ಲಿದ್ದಾಳೆ? ಅದಕ್ಕೇ ಅಲ್ಲಿ ಒಂದೆರಡು ಪದಕ್ಕಾದರೂ ಪ್ರತ್ಯಯ ಹಚ್ಚಿ ತೋರಿಸಲೇಬೇಕು. "ಅರ್ಥ ಆಮೇಲೆ ಬರುತ್ತೆ" ಅನ್ನುವವರಿಗೆ ನನ್ನದೊಂದೇ ಪ್ರಶ್ನೆ: ತರುವವರು ಯಾರು? ಎಲ್ಲವನ್ನೂ ವಿವರಿಸಬೇಕಿಲ್ಲ, ಆದರೆ ವಾರದ ಏಳು ತುಣುಕಿನಲ್ಲಿ ಎರಡನ್ನಾದರೂ ಭೂಪಟದ ಮೇಲೆ, ಅಡುಗೆಮನೆಯಲ್ಲಿ, ಹಿತ್ತಲಲ್ಲಿ ತೋರಿಸಬಹುದು.

ಕೊನೆಯದು ಬಿರುದಿನ ವಿಷಯ. ಒಂದೂ ತಪ್ಪಿಲ್ಲದೆ ಒಪ್ಪಿಸುವ ಛಲ ಕೆಲವು ಮಕ್ಕಳಿಗೆ ರೆಕ್ಕೆ ಕೊಡುತ್ತದೆ. ಇನ್ನು ಕೆಲವರಿಗೆ ಕಣ್ಣೀರು. ಶಾಲೆಯಲ್ಲಾದರೆ ಬೈಯುವ ಮೇಷ್ಟ್ರು ಒಬ್ಬರು, ಮನೆಗೆ ಬಂದರೆ ಸಮಾಧಾನ ಮಾಡುವ ಅಮ್ಮ ಇನ್ನೊಬ್ಬರು. ಹೋಮ್‌ಸ್ಕೂಲಿನಲ್ಲಿ ಇಬ್ಬರೂ ಒಬ್ಬರೇ! ಅಳುತ್ತಾ ಓಡಿಹೋಗುವುದಕ್ಕೆ ಆ ಮಗುವಿಗೆ ಇನ್ನೊಂದು ಮಡಿಲಿಲ್ಲ. ಅದರಲ್ಲೂ ದೇವರ ವಾಕ್ಯವನ್ನೇ ಗದರಿಸಿ ಕಲಿಸಿದರೆ ಮಗುವಿನ ನೆನಪಿನಲ್ಲಿ ಉಳಿಯುವುದು ವಾಕ್ಯವೋ, ಗದರಿಕೆಯೋ? ಭಕ್ತಿ ಬೆಳೆಸಲೆಂದು ಮಕ್ಕಳನ್ನು ಮನೆಯಲ್ಲಿ ಓದಿಸುವವರು ಇದನ್ನು ಎಲ್ಲರಿಗಿಂತ ಮೊದಲು ಯೋಚಿಸಬೇಕು.

ಬಿರುದು ಬೇಕೋ ಬೇಡವೋ ಅನ್ನುವುದು ಆಯಾ ಮಗುವನ್ನು ನೋಡಿ ತೀರ್ಮಾನ ಆಗಬೇಕು, ಪಕ್ಕದ ಮನೆ ಮಗುವನ್ನು ನೋಡಿ ಅಲ್ಲ. ಸಾಧ್ಯವಾದರೆ ಅಪ್ಪ ಅಮ್ಮನೂ ಮಗುವಿನ ಜೊತೆ ಕೂತು ಕಲಿಯಲಿ, ಮಗುವಿನ ಮುಂದೆ ಒಪ್ಪಿಸಲಿ, ತಪ್ಪಲಿ, ಮಗು ತಿದ್ದಲಿ. ಗಿಳಿಗೆ ಮಾತು ಕಲಿಸುವವರು ಪಂಜರದ ಹೊರಗೆ ಕೋಲು ಹಿಡಿದು ನಿಲ್ಲುವುದಿಲ್ಲ, ಹತ್ತಿರ ಬಂದು ತಾವೂ ಅದರ ಜೊತೆ ಮಾತಾಡುತ್ತಾರೆ.

ನೀವೇನಂತೀರಿ?