ಪರದೇಶಿಗೂ ಒಂದು ಹೊಸ್ತಿಲು

ನಮ್ಮ ಭಾಷೆಯಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ಒಂದು. ಹಿಂದುಮುಂದಿಲ್ಲದವನು, ಕೇಳುವವರಿಲ್ಲದವನು ಎಂಬುದು ಇನ್ನೊಂದು. ತನ್ನವರಿಂದ ದೂರವಾದವನು ದಿಕ್ಕಿಲ್ಲದವನೇ ಸರಿ ಎಂದು ಹಿರಿಯರು ಬಗೆದುದರಿಂದಲೇ ಎರಡೂ ಅರ್ಥಗಳು ಒಂದೇ ಪದದಲ್ಲಿ ನೆಲೆಸಿರಬೇಕು. ಆದರೆ ಮೊದಲನೆಯ ಅರ್ಥದಲ್ಲಿ ಪರದೇಶಿಯಾದವನು ಎರಡನೆಯ ಅರ್ಥದಲ್ಲಿಯೂ ಪರದೇಶಿಯಾಗಲೇಬೇಕೇ? ಇಂದು ಇದು ಅನೇಕ ಮನೆಗಳ ಪ್ರಶ್ನೆಯಾಗಿದೆ.

ಒಂದು ಕಾಲಕ್ಕೆ ಬೀದರ, ಭಾಲ್ಕಿ, ಔರಾದ ಕಡೆಯವರಿಗೆ ಹೈದರಾಬಾದು, ಪುಣೆಗಳೇ ದೂರದ ಊರುಗಳಾಗಿದ್ದವು. ಈಗ ನಮ್ಮ ಮಕ್ಕಳು ದುಬೈ, ಲಂಡನ್, ಶಿಕಾಗೋಗಳಲ್ಲಿ ಸಂಸಾರ ಹೂಡಿದ್ದಾರೆ. ‘ಮಗನಿಗೆ ಸಂಬಳವೆಷ್ಟು?’ ಎಂದು ಕೇಳುವವರು ಬಹಳ. ‘ಅಲ್ಲಿ ಅವನಿಗೆ ಯಾರಿದ್ದಾರೆ?’ ಎಂದು ಕೇಳುವವರು ವಿರಳ. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಬೀದರಿನ ಇತಿಹಾಸವೇ ಅದನ್ನು ಹೇಳುತ್ತದೆ.

ಅಫನಾಸಿ ನಿಕಿತಿನ್ ರಷ್ಯಾ ದೇಶದ ತ್ವೇರ್ ಎಂಬ ಊರಿನ ವರ್ತಕ. ವೋಲ್ಗಾ ನದಿಯ ದಡದ ಈ ಮನುಷ್ಯ 15ನೆಯ ಶತಮಾನದ ಉತ್ತರಾರ್ಧದಲ್ಲಿ, ದಾರಿಯಲ್ಲಿ ದರೋಡೆಗೆ ಸಿಕ್ಕು ಸರಕು, ಪುಸ್ತಕಗಳನ್ನೆಲ್ಲ ಕಳೆದುಕೊಂಡು, ಪರ್ಷಿಯಾದ ಮೂಲಕ ಹಾಯ್ದು, ಒಂದು ಕುದುರೆಯೊಡನೆ ಕೊಂಕಣದ ಚೌಲ್ ಬಂದರಿಗೆ ಬಂದಿಳಿದ. ಜುನ್ನರದ ಅಧಿಕಾರಿಯು ಆ ಕುದುರೆಯನ್ನು ಕಸಿದುಕೊಂಡು, ಮತಾಂತರವಾದರೆ ಮಾತ್ರ ಹಿಂದಿರುಗಿಸುವೆನೆಂದನು. ಆಗ ಅವನ ಪರವಾಗಿ ಹೋಗಿ ಮಾತನಾಡಿ, ಕುದುರೆಯನ್ನು ಬಿಡಿಸಿಕೊಟ್ಟವನು ಖುರಾಸಾನದಿಂದ ಬಂದಿದ್ದ ಒಬ್ಬ ಮುಸಲ್ಮಾನ. ಅವನೂ ಈ ನೆಲಕ್ಕೆ ಪರದೇಶಿಯೇ. ಕಷ್ಟದ ಗಳಿಗೆಯಲ್ಲಿ ಒಬ್ಬ ಪರದೇಶಿಗೆ ಇನ್ನೊಬ್ಬ ಪರದೇಶಿ ಬಂಧುವಾದನು.

ನಿಕಿತಿನ್ ಆ ಕುದುರೆಯನ್ನು ಮಾರಿದ್ದು ಬಹಮನಿ ರಾಜಧಾನಿಯಾಗಿದ್ದ ನಮ್ಮ ಬೀದರಿನಲ್ಲಿ. ಇಲ್ಲಿ ಅವನು ಕೆಲವು ತಿಂಗಳು ಉಳಿದನು. ಇಲ್ಲಿಯ ಹಿಂದೂಗಳ ಪರಿಚಯ ಬೆಳೆದಾಗ ತಾನು ಯಾರು, ತನ್ನ ಧರ್ಮ ಯಾವುದು ಎಂಬುದನ್ನು ಮರೆಮಾಚದೆ ಹೇಳಿದನು. ಅಂದಿನಿಂದ ಅವರು ತಮ್ಮ ಊಟ, ವ್ಯಾಪಾರ, ಪೂಜೆ ಯಾವುದನ್ನೂ ತನ್ನಿಂದ ಮುಚ್ಚಿಡಲಿಲ್ಲವೆಂದೂ, ಮನೆಯ ಹೆಣ್ಣುಮಕ್ಕಳನ್ನು ಮರೆಮಾಡಲಿಲ್ಲವೆಂದೂ ಅವನು ಬರೆದಿಟ್ಟಿದ್ದಾನೆ. ಅಷ್ಟೇ ಅಲ್ಲ, ಅವರು ಅವನನ್ನು ತಮ್ಮೊಡನೆ ‘ಪರ್ವತ’ದ ಜಾತ್ರೆಗೂ ಕರೆದೊಯ್ದರು. ಈ ಪರ್ವತವನ್ನು ವಿದ್ವಾಂಸರು ಶ್ರೀಶೈಲವೆಂದು ಗುರುತಿಸುತ್ತಾರೆ. ದೇವರ ಎದುರಿಗೆ ಕರಿಕಲ್ಲಿನ ದೊಡ್ಡ ಬಸವನಿದ್ದುದನ್ನು, ಭಕ್ತರು ಅದರ ಗೊರಸಿಗೆ ಮುತ್ತಿಟ್ಟು ಹೂವೇರಿಸುತ್ತಿದ್ದುದನ್ನು ಅವನು ಕಂಡು ಬರೆದನು. ವೋಲ್ಗಾ ತೀರದವನು ಮಲ್ಲಯ್ಯನ ಜಾತ್ರೆಯನ್ನು ಕಂಡದ್ದು ಯಾವ ಅರಸನ ಆಜ್ಞೆಯಿಂದಲೂ ಅಲ್ಲ, ಬೀದರಿನ ಸಾಮಾನ್ಯ ಗೃಹಸ್ಥರ ಸ್ನೇಹದಿಂದ.

ಹಾಗೆಂದು ಅವನ ದುಃಖ ತೀರಿತೇ? ಇಲ್ಲ. ಪುಸ್ತಕಗಳು ಕಳೆದುಹೋದುದರಿಂದ ತನ್ನ ಹಬ್ಬಗಳ ದಿನ ಯಾವುದೆಂಬುದೇ ಅವನಿಗೆ ತಿಳಿಯದಾಯಿತು. ಊಹೆಯಿಂದಲೇ ಈಸ್ಟರ್ ಹಬ್ಬವನ್ನು ಗೊತ್ತುಮಾಡಿಕೊಂಡನು. ಮುಸಲ್ಮಾನರು ಉಪವಾಸ ಹಿಡಿದಾಗ ತಾನೂ ಜೊತೆಯಲ್ಲಿ ಹಿಡಿದನು. ಅವನ ಬರಹದಲ್ಲಿ ರಷ್ಯನ್ ಮಾತಿನ ನಡುವೆ ತುರ್ಕಿ, ಪಾರ್ಸಿ, ಅರಬ್ಬಿ ಮಾತುಗಳು ಬೆರೆತವು; ಪ್ರಾರ್ಥನೆಯ ಮಾತೂ ಹಾಗೆಯೇ ಬೆರೆಯಿತು. ಕೊನೆಗೆ ಊರಿಗೆ ಹೊರಟವನು ಸ್ಮೋಲೆನ್ಸ್ಕ್ ನಗರವನ್ನು ತಲುಪುವ ಮೊದಲೇ ತೀರಿಕೊಂಡನು. ಅವನ ಕೈಬರಹವನ್ನು 1475ರ ಸುಮಾರಿಗೆ ವರ್ತಕರು ಮಾಸ್ಕೋಗೆ ಮುಟ್ಟಿಸಿದರು. 1957ರಲ್ಲಿ ಅವನ ಕಥೆಯನ್ನು ಭಾರತ ಮತ್ತು ಸೋವಿಯತ್ ದೇಶಗಳು ಕೂಡಿ ಚಲನಚಿತ್ರವಾಗಿ ತೆಗೆದಾಗ ಹಿಂದಿಯಲ್ಲಿ ಅದಕ್ಕಿಟ್ಟ ಹೆಸರು ‘ಪರದೇಸಿ’.

ಇದೇ ಬೀದರು ಅದೇ ಕಾಲದ ಇನ್ನೊಬ್ಬ ಪರದೇಶಿಯನ್ನು ಕಂಡ ಬಗೆ ಬೇರೆ. ಇರಾನಿನ ಗೀಲಾನ್ ಪ್ರಾಂತದಿಂದ ವರ್ತಕನಾಗಿ ಬಂದ ಮಹಮೂದ್ ಗವಾನ್ ಇಲ್ಲಿ ಪ್ರಧಾನಮಂತ್ರಿಯಾದನು. 1472ರಲ್ಲಿ ಇಂದಿಗೂ ನಾವು ನೋಡುವ ಮದರಸವನ್ನು ಕಟ್ಟಿಸಿದನು. ಆದರೆ ಆಸ್ಥಾನದಲ್ಲಿ ‘ದಖ್ಖನಿಗಳು’ ಮತ್ತು ‘ಹೊರಗಿನವರು’ ಎಂಬ ಪಂಗಡಗಳು ಬೆಳೆದಿದ್ದವು. ವಿರೋಧಿಗಳು ಸೃಷ್ಟಿಸಿದ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನನು 1481ರಲ್ಲಿ ಆ ವೃದ್ಧನಿಗೆ ಮರಣದಂಡನೆ ವಿಧಿಸಿದನು. ಅನಂತರ ಕೆಲವೇ ದಶಕಗಳಲ್ಲಿ ರಾಜ್ಯವು ಐದು ಹೋಳಾಯಿತು. ಹೊರಗಿನವನೆಂಬ ಸಂಶಯವು ಹೊರಗಿನವನನ್ನಷ್ಟೇ ಅಲ್ಲ, ಮನೆಯನ್ನೂ ಸುಡುತ್ತದೆ.

ಇವರಿಬ್ಬರಿಗೂ ಮುನ್ನೂರು ವರ್ಷ ಹಿಂದೆ ನಮ್ಮ ಜಿಲ್ಲೆಯದೇ ಆದ ಕಲ್ಯಾಣಕ್ಕೆ ಕಾಶ್ಮೀರದಿಂದ ದಂಪತಿಗಳು ಬಂದರೆಂದು ಸಂಪ್ರದಾಯ ಹೇಳುತ್ತದೆ. ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿ ಅರಸೊತ್ತಿಗೆಯನ್ನು ಬಿಟ್ಟು, ಕಟ್ಟಿಗೆ ಮಾರಿ ದಾಸೋಹ ನಡೆಸಿದರು. ಕಲ್ಯಾಣದವರು ಅವರ ಊರನ್ನಲ್ಲ, ಕಾಯಕವನ್ನು ನೋಡಿದರು. ಬಂದವರು ಕೈಚಾಚದೆ ದುಡಿದರು; ಇದ್ದವರು ಹೊರಗಿಡದೆ ಒಪ್ಪಿಕೊಂಡರು. ಪರಸ್ಥಳದ ಸಂಸಾರ ನಿಲ್ಲುವುದು ಈ ಎರಡು ಕಂಬಗಳ ಮೇಲೆ.

ಹಾಗಾದರೆ ನಮ್ಮ ಕರ್ತವ್ಯವೇನು? ತಂದೆತಾಯಿಗಳು ಮಕ್ಕಳ ವಿಳಾಸವನ್ನು ಮಾತ್ರವಲ್ಲ, ಅಲ್ಲಿಯ ಅವರ ಸ್ನೇಹಿತರ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬೇಕು. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವೇಶ್ವರರ ಪ್ರತಿಮೆ ಅನಾವರಣಗೊಂಡಿತು. ಅದು ನಮಗೆಲ್ಲ ಅಭಿಮಾನದ ಸಂಗತಿ. ಆದರೆ ಸೊಸೆ ಬಾಣಂತಿಯಾದಾಗ ಬಿಸಿ ಗಂಜಿ ಮಾಡಿ ತರುವವಳು ನೆರೆಮನೆಯ ಗೆಳತಿ. ಆಕೆ ಯಾವ ಭಾಷೆಯವಳು, ಯಾವ ಮತದವಳು ಎಂದು ಇಲ್ಲಿಂದ ವಿಚಾರಿಸುವ ಬದಲು ಆಕೆಯೊಡನೆ ಎರಡು ಮಾತನಾಡಿ ‘ನಿನ್ನ ಉಪಕಾರ ದೊಡ್ಡದು ತಾಯಿ’ ಎನ್ನುವುದು ಲೇಸು. ಹಬ್ಬವನ್ನು ಮಕ್ಕಳು ರಜೆಯಿರುವ ಭಾನುವಾರಕ್ಕೆ ಮುಂದೂಡಿದರೆ ಗದರಿಸಬೇಡಿರಿ. ತಿಥಿ ತಪ್ಪಿದರೂ ನಾಲ್ವರು ಕೂಡಿ ಉಂಡರೆ ಹಬ್ಬ ಉಳಿಯುತ್ತದೆ. ಬೀದರಿನಲ್ಲಿ ಬೆಳಗಿನ ಏಳು ಗಂಟೆಯಾದಾಗ ಶಿಕಾಗೋದಲ್ಲಿ ಹಿಂದಿನ ರಾತ್ರಿ, ಬೇಸಿಗೆಯಲ್ಲಿ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ಅಲ್ಲಿಯ ಮೊಮ್ಮಕ್ಕಳು ಮಲಗುವ ಮುನ್ನ ಅಜ್ಜಿಯ ಕಥೆ ಕೇಳಲು ಅದು ತಕ್ಕ ಸಮಯ. ಮೊಮ್ಮಗಳ ಮಾತಿನಲ್ಲಿ ಇಂಗ್ಲಿಷ್ ಬೆರೆತರೆ ನಗಬೇಡಿರಿ. ಕನ್ನಡ, ಉರ್ದು, ಮರಾಠಿ ಬೆರೆತ ಮಾತು ನಮ್ಮದೂ ಅಲ್ಲವೇ?

ವಿದೇಶದಲ್ಲಿರುವ ಮಕ್ಕಳಿಗೂ ಒಂದು ಮಾತು. ನೀವು ಹೋದ ಮೇಲೆ ಔರಾದದ ದೊಡ್ಡ ಮನೆಯಲ್ಲಿ ಉಳಿದ ಇಬ್ಬರು ಮುದುಕರು ತಮ್ಮ ಊರಿನಲ್ಲಿಯೇ ಪರದೇಶಿಗಳಾಗಬಲ್ಲರು. ಹಣ ಔಷಧಿಯನ್ನು ತರಬಲ್ಲುದು. ಔಷಧಿ ತೆಗೆದುಕೊಂಡಿರಾ ಎಂದು ಕೇಳಲಾರದು. ಆದುದರಿಂದ ನಿಮ್ಮ ಬಾಲ್ಯದ ಗೆಳೆಯರ ಸ್ನೇಹವನ್ನು ಕಡಿದುಕೊಳ್ಳಬೇಡಿರಿ. ಊರಿಗೆ ಬಂದಾಗ ಮೊದಲು ಅವರ ಮನೆಗೆ ಹೋಗಿರಿ. ರಾತ್ರಿ ಹೊತ್ತಿನಲ್ಲಿ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವವರು ಅವರೇ.

ಇನ್ನು ನಮ್ಮ ಹೊಸ್ತಿಲಿಗೆ ಬಂದವರ ಮಾತು. ವಾಯುಪಡೆಯ ನೌಕರಿಗೆಂದು ಬೀದರಿಗೆ ಬಂದ ಸಂಸಾರಗಳಿವೆ, ಓದಲು ಬಂದ ಪರಪ್ರಾಂತದ ಹುಡುಗರಿದ್ದಾರೆ, ಕಟ್ಟಡದ ಕೆಲಸಕ್ಕೆ ಬಂದ ಕೂಲಿಗಳಿದ್ದಾರೆ. ಗಡಿಯಾಚೆಯ ಹಳ್ಳಿಯಿಂದ ಭಾಲ್ಕಿಯ ಮನೆಗೆ ಕಾಲಿಟ್ಟ, ಕನ್ನಡ ಬಾರದ ಸೊಸೆಯೂ ಇದ್ದಾಳೆ. ಇವರೆಲ್ಲರ ತಂದೆತಾಯಿಗಳೂ ಎಲ್ಲೋ ಕುಳಿತು ‘ಅಲ್ಲಿ ನಮ್ಮ ಮಗುವಿಗೆ ಯಾರಿದ್ದಾರೆ?’ ಎಂದು ಚಿಂತಿಸುತ್ತಿದ್ದಾರೆ. ನಮ್ಮ ಮಕ್ಕಳಿಗಾಗಿ ಶಿಕಾಗೋದಲ್ಲಿ ಯಾವ ಬಾಗಿಲು ತೆರೆಯಲೆಂದು ನಾವು ಹಾರೈಸುತ್ತೇವೆಯೋ ಆ ಬಾಗಿಲನ್ನು ಇವರಿಗಾಗಿ ನಾವು ಇಲ್ಲಿ ತೆರೆಯೋಣ.